ಗೊರಕೆ ಏಕೆ ಬರುತ್ತದೆ, ಅದರಿಂದ ಆರೋಗ್ಯಕ್ಕೆ ಅಪಾಯವಿದೆಯೇ?

ನಿಮಗೆ 42 ವರ್ಷ, ಗೊರಕೆ ಪಕ್ಕದ ಕೋಣೆಗೂ ಕೇಳಿಸುತ್ತದೆ ಎಂದು ಪತ್ನಿ ಹೇಳುತ್ತಾರೆ, ಎಂಟು ಗಂಟೆ ಮಲಗಿದರೂ ಬೆಳಿಗ್ಗೆ ಆಯಾಸ ಹೋಗಿರುವುದಿಲ್ಲ. ಇದು ಬರೀ ಅಭ್ಯಾಸವೋ ಕಾಯಿಲೆಯೋ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ. ಇದೇ ದೂರನ್ನು ಹಲವು ವರ್ಷ ಅಲಕ್ಷಿಸಿ, ಕೊನೆಗೆ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ಕಾಯಿಲೆ) ಇದೆಯೆಂದು ತಿಳಿದು, ನಾಲ್ಕು ವರ್ಷಗಳಿಂದ ಚಿಕಿತ್ಸೆಯಲ್ಲಿರುವವನು.

ಎಚ್ಚರವಿರುವಾಗ ಗಂಟಲಿನ ಸ್ನಾಯುಗಳು ಬಿಗಿಯಾಗಿದ್ದು ಉಸಿರಿನ ದಾರಿಯನ್ನು ತೆರೆದಿಟ್ಟಿರುತ್ತವೆ. ನಿದ್ದೆ ಹತ್ತಿದೊಡನೆ ಅವು ಸಡಿಲಗೊಳ್ಳುತ್ತವೆ, ನಾಲಿಗೆಯ ಬುಡ ಹಿಂದಕ್ಕೆ ಸರಿಯುತ್ತದೆ, ಅಂಗುಳಿನ ಹಿಂಬದಿಯ ಮೆದುಭಾಗವೂ ಕಿರುನಾಲಿಗೆಯೂ ಜೋತುಬೀಳುತ್ತವೆ. ಹೀಗೆ ಕಿರಿದಾದ ದಾರಿಯಲ್ಲಿ ಗಾಳಿ ರಭಸದಿಂದ ನುಗ್ಗುವಾಗ ಈ ಮೆದುಭಾಗಗಳು ಅದುರಿ ಹೊರಡುವ ಸದ್ದೇ ಗೊರಕೆ. ಆದ್ದರಿಂದ ಪತ್ತೆಹಚ್ಚಬೇಕಾದದ್ದು, ಆ ದಾರಿ ಎಲ್ಲಿ ಮತ್ತು ಏಕೆ ಕಿರಿದಾಗಿದೆ ಎಂಬುದನ್ನು.

ಹೆಚ್ಚಿನವರಲ್ಲಿ ಮುಖ್ಯ ಕಾರಣ ತೂಕ, ಅದರಲ್ಲಿಯೂ ಕತ್ತಿನ ಸುತ್ತ ಮತ್ತು ನಾಲಿಗೆಯಲ್ಲಿ ಸೇರಿಕೊಳ್ಳುವ ಕೊಬ್ಬು. ಕತ್ತಿನ ಸುತ್ತಳತೆ ಗಂಡಸರಲ್ಲಿ 17 ಅಂಗುಲ, ಹೆಂಗಸರಲ್ಲಿ 16 ಅಂಗುಲ ದಾಟಿದ್ದರೆ ವೈದ್ಯರು ಅದನ್ನು ಒಂದು ಸೂಚನೆಯಾಗಿ ಪರಿಗಣಿಸುತ್ತಾರೆ. ಆದರೆ ತೆಳ್ಳಗಿರುವವರಿಗೆ ಇದು ಬಾರದು ಎಂದುಕೊಳ್ಳುವುದು ತಪ್ಪು. ಕೆಳದವಡೆ ಚಿಕ್ಕದಾಗಿದ್ದು ಹಿಂದಕ್ಕೆ ಸರಿದಿದ್ದರೆ ನಾಲಿಗೆಗೆ ಮುಂದೆ ಜಾಗವೇ ಇರುವುದಿಲ್ಲ. ಅಲರ್ಜಿ, ಮೂಗಿನ ನಡುಗೋಡೆಯ ಡೊಂಕು, ಪಾಲಿಪ್ (ಮೂಗಿನೊಳಗೆ ಬೆಳೆಯುವ ಮೆದು ಗಂಟು) ಇವುಗಳಿಂದ ಮೂಗು ಕಟ್ಟಿದವರು ಬಾಯಿ ತೆರೆದು ಉಸಿರಾಡುತ್ತಾರೆ, ಬಾಯಿ ತೆರೆದಾಗ ದವಡೆಯೊಡನೆ ನಾಲಿಗೆಯೂ ಹಿಂದೆ ಸರಿಯುತ್ತದೆ. ಮಲಗುವ ಮುನ್ನ ಸೇವಿಸಿದ ಮದ್ಯ ಮತ್ತು ಕೆಲವು ನಿದ್ರೆಮಾತ್ರೆಗಳು ಸ್ನಾಯುಗಳನ್ನು ಇನ್ನಷ್ಟು ಸಡಿಲಗೊಳಿಸುತ್ತವೆ. ಧೂಮಪಾನ ಗಂಟಲಿನ ಒಳಪೊರೆಯನ್ನು ಊದಿಸುತ್ತದೆ. ಅಂಗಾತ ಮಲಗಿದರೆ ಗುರುತ್ವವೇ ನಾಲಿಗೆಯನ್ನು ಹಿಂದಕ್ಕೆಳೆಯುತ್ತದೆ. ಥೈರಾಯ್ಡ್ ಸ್ರಾವದ ಕೊರತೆಯಿರುವವರಲ್ಲಿ ಮತ್ತು ಮುಟ್ಟು ನಿಂತ ಬಳಿಕ ಮಹಿಳೆಯರಲ್ಲಿ ಗೊರಕೆ ಹೆಚ್ಚುತ್ತದೆ. ಮಕ್ಕಳಲ್ಲಿ ಸಾಮಾನ್ಯವಾಗಿ ಊದಿದ ಟಾನ್ಸಿಲ್ ಮತ್ತು ಮೂಗಿನ ಹಿಂಬದಿಯ ಅಡಿನಾಯ್ಡ್ ಗ್ರಂಥಿ ಕಾರಣ. ಪ್ರತಿರಾತ್ರಿ ಗೊರೆಯುವ ಮಗು ಗಾಢನಿದ್ದೆಯಲ್ಲಿದೆ ಎಂದು ಸಂತೋಷಪಡದೆ ವೈದ್ಯರಿಗೆ ತೋರಿಸಬೇಕು.

ಗೊರಕೆ ಹೊಡೆಯುವವರೆಲ್ಲ ರೋಗಿಗಳಲ್ಲ. ಶೀತವಾದಾಗ ಅಥವಾ ತೀರ ದಣಿದ ದಿನ ಬಂದು ಹೋಗುವ ಗೊರಕೆಗೆ ಹೆದರಬೇಕಿಲ್ಲ. ಆತಂಕಪಡಬೇಕಾದದ್ದು ಗೊರಕೆ ಥಟ್ಟನೆ ನಿಂತು, ಎದೆ ಏರಿಳಿಯುತ್ತಿದ್ದರೂ ಗಾಳಿ ಒಳಹೋಗದೆ, ಸ್ವಲ್ಪ ಹೊತ್ತಿನ ಮೇಲೆ ಉಸಿರುಗಟ್ಟಿದವರಂತೆ ಬಿಕ್ಕಿ ಮತ್ತೆ ಆರಂಭವಾಗುವಾಗ. ಆಗ ಉಸಿರಿನ ದಾರಿ ಪೂರ್ತಿಯಾಗಿ ಮುಚ್ಚಿಹೋಗಿರುತ್ತದೆ. ಇದೇ ಸ್ಲೀಪ್ ಆಪ್ನಿಯಾ. ಕನಿಷ್ಠ 10 ಸೆಕೆಂಡು ಉಸಿರು ನಿಲ್ಲುವ ಅಥವಾ ಸಾಕಷ್ಟು ಕುಗ್ಗುವ ಇಂಥ ಘಟನೆಗಳು ಗಂಟೆಗೆ 5ರಿಂದ 15 ಆದರೆ ಸೌಮ್ಯ, 30 ದಾಟಿದರೆ ತೀವ್ರ. ನನ್ನ ಮೊದಲ ಪರೀಕ್ಷೆಯಲ್ಲಿ ಆ ಸಂಖ್ಯೆ 38 ಇತ್ತು, ಆದರೂ ಅದರಲ್ಲಿ ಒಂದರ ನೆನಪೂ ನನಗಿರಲಿಲ್ಲ. ಮಲಗಿದವನಿಗೆ ತನ್ನ ಕಾಯಿಲೆ ಗೊತ್ತಾಗದು. ಈ ವಿಷಯದಲ್ಲಿ ನಿಮ್ಮ ಪತ್ನಿಯ ಮಾತನ್ನೇ ನೀವು ನಂಬಬೇಕು.

ಪ್ರತಿ ಬಾರಿ ಉಸಿರು ನಿಂತಾಗ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಗೊಂಡು ಕ್ಷಣಮಾತ್ರ ಎಚ್ಚರಗೊಳಿಸುತ್ತದೆ, ಅಡ್ರಿನಲಿನ್‌ನಂಥ ಸ್ರಾವಗಳೊಡನೆ ನಾಡಿಯೂ ರಕ್ತದೊತ್ತಡವೂ ಏರುತ್ತವೆ. ರಾತ್ರಿ ಇಳಿಯಬೇಕಾದ ರಕ್ತದೊತ್ತಡ ಇಳಿಯದೆ ಉಳಿದು, ಕ್ರಮೇಣ ಹಗಲಿನಲ್ಲೂ ಹೆಚ್ಚಾಗುತ್ತದೆ. ಮೂರು ಬಗೆಯ ಮಾತ್ರೆಗಳಿಗೂ ಬಗ್ಗದ ರಕ್ತದೊತ್ತಡದ ಹಿಂದೆ ಎಷ್ಟೋ ವೇಳೆ ಇದೇ ಇರುತ್ತದೆ. ಹೃದಯದ ಲಯ ತಪ್ಪುವುದು, ಪಾರ್ಶ್ವವಾಯು, ಟೈಪ್ 2 ಮಧುಮೇಹ ಇವುಗಳ ಸಾಧ್ಯತೆಯೂ ಇಂಥವರಲ್ಲಿ ಹೆಚ್ಚು. ಬೆಳಗಿನ ತಲೆನೋವು, ಮರೆವು, ಸಿಡುಕು ಸಾಮಾನ್ಯ ಲಕ್ಷಣಗಳು. ನಾನು ರಾತ್ರಿ ಮೂರು ಬಾರಿ ಮೂತ್ರಕ್ಕೆ ಏಳುತ್ತಿದ್ದೆ, ಸಕ್ಕರೆ ಕಾಯಿಲೆ ಇರಬಹುದೆಂದು ಪರೀಕ್ಷೆಯನ್ನೂ ಮಾಡಿಸಿದ್ದೆ. ಮುಚ್ಚಿದ ದಾರಿಯಲ್ಲಿ ಉಸಿರೆಳೆಯಲು ಹೆಣಗುವಾಗ ಹೃದಯದ ಮೇಲಿನ ಕೋಣೆಗಳು ಹಿಗ್ಗಿ, ಮೂತ್ರ ಹೆಚ್ಚಿಸುವ ಹಾರ್ಮೋನನ್ನು ಬಿಡುಗಡೆ ಮಾಡುತ್ತವೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ನೀವು ಮೊದಲು ಪತ್ನಿಯವರಲ್ಲಿ ಗೊರಕೆಯ ನಡುವೆ ಉಸಿರು ನಿಲ್ಲುತ್ತದೆಯೇ ಎಂದು ಕೇಳಿ, ಸಾಧ್ಯವಾದರೆ ಫೋನಿನಲ್ಲಿ ಒಂದೆರಡು ರಾತ್ರಿ ಧ್ವನಿಮುದ್ರಣ ಮಾಡಿಸಿ. ಬಳಿಕ ಕಿವಿ-ಮೂಗು-ಗಂಟಲು ತಜ್ಞರನ್ನೋ ಶ್ವಾಸಕೋಶ ತಜ್ಞರನ್ನೋ ಕಂಡು ನಿದ್ರಾ ಪರೀಕ್ಷೆಯ ಬಗ್ಗೆ ವಿಚಾರಿಸಿ. ಸೌಮ್ಯವಾಗಿದ್ದರೆ ತೂಕ ಇಳಿಸುವುದು, ಪಕ್ಕಕ್ಕೆ ತಿರುಗಿ ಮಲಗುವುದು, ರಾತ್ರಿ ಮದ್ಯ ಬಿಡುವುದು, ಕೆಳದವಡೆಯನ್ನು ಮುಂದೆ ಹಿಡಿಯುವ ಹಲ್ಲಿನ ಸಾಧನ ಇವುಗಳಲ್ಲಿ ಕೆಲವೇ ಸಾಕಾಗಬಹುದು. ತೀವ್ರವಾಗಿದ್ದರೆ ಸಾಮಾನ್ಯವಾಗಿ ಸಿಪ್ಯಾಪ್ ಯಂತ್ರವನ್ನು ಸೂಚಿಸುತ್ತಾರೆ. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಮತ್ತು ಸಂಗಡಿಗರು ವರದಿ ಮಾಡಿದ ಈ ವಿಧಾನದಲ್ಲಿ ಮುಖವಾಡ ತೊಟ್ಟ ಮೂಗಿನ ಮೂಲಕ ಹಾಯುವ ಗಾಳಿಯ ಒತ್ತಡವೇ ಗಂಟಲನ್ನು ತೆರೆದಿಡುತ್ತದೆ. ಮುಖವಾಡಕ್ಕೆ ಒಗ್ಗಿಕೊಳ್ಳಲು ನನಗೆ ಆರು ವಾರ ಬೇಕಾಯಿತು, ಎರಡು ಬಾರಿ ಅಳತೆ ಬದಲಿಸಬೇಕಾಯಿತು.

ಪರೀಕ್ಷೆ ಆಗುವವರೆಗೆ ಹಗಲಲ್ಲಿ ತೂಕಡಿಕೆ ಬರುತ್ತಿದ್ದರೆ ದಯವಿಟ್ಟು ವಾಹನ ಓಡಿಸಬೇಡಿ. ಅಷ್ಟರಲ್ಲಿ ಯಾವುದಾದರೂ ಶಸ್ತ್ರಚಿಕಿತ್ಸೆ ನಿಗದಿಯಾದರೆ ಅರಿವಳಿಕೆ ತಜ್ಞರಿಗೆ ಗೊರಕೆಯ ವಿಷಯವನ್ನು ತಪ್ಪದೆ ಮುಂಚಿತವಾಗಿ ತಿಳಿಸಿ.