ತೋಟ ನಿರ್ವಹಣೆಯ ಗುತ್ತಿಗೆಗೆ 60 ಇಂಚಿನ ಲಾನ್ ಮೂವರ್ ಕೊಳ್ಳಬಹುದೇ?

ಬೆಂಗಳೂರಿನಲ್ಲಿ ನಾಲ್ಕು ಅಪಾರ್ಟ್‌ಮೆಂಟ್ ಸಮುಚ್ಚಯಗಳ ಮತ್ತು ಒಂದು ಐ.ಟಿ. ಕ್ಯಾಂಪಸ್ಸಿನ ತೋಟಗಳ ಗುತ್ತಿಗೆ ನಿಮ್ಮಲ್ಲಿದೆ, ಒಟ್ಟು ಹುಲ್ಲುಹಾಸು 7 ಎಕರೆ, ಅದರಲ್ಲಿ 4 ಎಕರೆ ಕ್ಯಾಂಪಸ್ಸಿನದು, ಆದ್ದರಿಂದ 60 ಇಂಚಿನ ರೈಡ್-ಆನ್ (ಮೇಲೆ ಕೂತು ಓಡಿಸುವ) ಯಂತ್ರವನ್ನು ಕೊಳ್ಳುವುದು ಸರಿಯೇ ಎಂದು ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಅಷ್ಟು ದೊಡ್ಡದು ಬೇಡ. ನಾನು ಹದಿನಾಲ್ಕು ವರ್ಷಗಳಿಂದ ಇದೇ ಕೆಲಸದಲ್ಲಿದ್ದೇನೆ, ನೀವು ಮಾಡಲು ಹೊರಟಿರುವ ತಪ್ಪನ್ನು ಒಮ್ಮೆ ಸ್ವಂತ ದುಡ್ಡಿನಲ್ಲಿ ಮಾಡಿಯೂ ಇದ್ದೇನೆ.

ಮೊದಲು ಲೆಕ್ಕ ನೋಡೋಣ. ಬ್ಲೇಡು ಕತ್ತರಿಸುವ ಅಗಲವನ್ನು (ಇಂಚಿನಲ್ಲಿ ಹೇಳುವುದು ಇದನ್ನೇ) ಯಂತ್ರದ ವೇಗದಿಂದ ಗುಣಿಸಿ, ತಿರುವುಗಳಿಗೂ ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಹಾಯುವುದಕ್ಕೂ ಕಾಲು ಭಾಗವನ್ನು ಕಳೆದರೆ ಗಂಟೆಗೆ ಎಷ್ಟು ಕೆಲಸವಾಗುತ್ತದೆ ಎಂಬುದು ಸಿಗುತ್ತದೆ. 21 ಇಂಚಿನ ತಳ್ಳುವ ಯಂತ್ರದ ಹಿಂದೆ ಮಾಲಿ ಗಂಟೆಗೆ 4 ಕಿ.ಮೀ. ನಡೆದರೆ ಸುಮಾರು 16 ಗುಂಟೆ ಮುಗಿಯುತ್ತದೆ. 48 ಇಂಚಿನ ರೈಡ್-ಆನ್ ಗಂಟೆಗೆ 8 ಕಿ.ಮೀ. ವೇಗದಲ್ಲಿ 72 ಗುಂಟೆ ಮುಗಿಸಿದರೆ, 60 ಇಂಚಿನದು ಅದೇ ವೇಗದಲ್ಲಿ 90 ಗುಂಟೆ ಮುಗಿಸುತ್ತದೆ. ನಿಮ್ಮ ಕ್ಯಾಂಪಸ್ಸಿನ 160 ಗುಂಟೆಗೆ ಮೊದಲನೆಯದಕ್ಕೆ ಹತ್ತು ಗಂಟೆ, ಎರಡನೆಯದಕ್ಕೆ ಎರಡೂ ಕಾಲು ಗಂಟೆ, ಮೂರನೆಯದಕ್ಕೆ ಎರಡು ಗಂಟೆಗೆ ಸ್ವಲ್ಪ ಕಡಿಮೆ. ಅಂದರೆ 21ರಿಂದ 48 ಇಂಚಿಗೆ ಹೋದರೆ ಒಂದು ದಿನದ ಕೂಲಿ ಉಳಿಯುತ್ತದೆ, 48ರಿಂದ 60ಕ್ಕೆ ಹೋದರೆ ಉಳಿಯುವುದು ಅರ್ಧ ಗಂಟೆಯೂ ಅಲ್ಲ. ನಡುನಡುವೆ ಮರ, ಹೂವಿನ ಪಾತಿ, ದೀಪದ ಕಂಬ ಇದ್ದರೆ ಆ ಅರ್ಧ ಗಂಟೆಯೂ ಕರಗಿಹೋಗುತ್ತದೆ, ಏಕೆಂದರೆ ಅಗಲವಾದ ಯಂತ್ರ ತಿರುಗುವುದರಲ್ಲೇ ಹೆಚ್ಚು ಹೊತ್ತು ಕಳೆಯುತ್ತದೆ. ಆದ್ದರಿಂದ ಒಟ್ಟು ಎಷ್ಟು ಎಕರೆ ಎಂದು ನೋಡುವುದಕ್ಕಿಂತ, ಅಡೆತಡೆಯಿಲ್ಲದ ಅತಿ ದೊಡ್ಡ ತುಂಡು ಎಷ್ಟಿದೆ ಎಂದು ಅಳೆಯಿರಿ.

ಹಾಗೆಯೇ ಅತಿ ಕಿರಿದಾದ ಗೇಟನ್ನೂ ಅಳೆಯಿರಿ. ಇದು ತಮಾಷೆಯಲ್ಲ. ಏಳು ವರ್ಷಗಳ ಹಿಂದೆ ನಾನು ಹಳೆಯ 60 ಇಂಚಿನ ಜೀರೋ ಟರ್ನ್ (ನಿಂತಲ್ಲೇ ತಿರುಗಬಲ್ಲ ರೈಡ್-ಆನ್) ಯಂತ್ರವೊಂದನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಂಡಾಗ, ಐದು ತೋಟಗಳ ಪೈಕಿ ಎರಡಕ್ಕೆ ಅದು ಒಳಗೇ ಹೋಗಲಿಲ್ಲ. ಇನ್ನೊಂದು ಪೇಚು ಸಾಗಣೆಯದು. ನಮ್ಮಂಥವರ ಬಳಿ ಇರುವುದು ಬಹುಮಟ್ಟಿಗೆ ಟಾಟಾ ಏಸ್. ಅದರ ಹಿಂಬದಿ ಸುಮಾರು 7 ಅಡಿ ಉದ್ದವಿದ್ದರೂ ಅಗಲ 5 ಅಡಿಗಿಂತ ಕಡಿಮೆ. 60 ಇಂಚಿನ ಡೆಕ್ (ಬ್ಲೇಡುಗಳನ್ನು ಮುಚ್ಚಿರುವ ಕವಚ) ಎಂದರೇ 5 ಅಡಿ, ಹುಲ್ಲು ಚೆಲ್ಲುವ ಪಕ್ಕದ ಬಾಯಿ ಅದರ ಮೇಲೆ. 48 ಇಂಚಿನದಾದರೆ ಆ ಬಾಯಿಯನ್ನು ಮಡಚಿ ಏರಿಸಬಹುದು. ವ್ಯಾಪಾರಕ್ಕೆಂದೇ ಮಾಡಿದ ಇಂಥ ಯಂತ್ರಗಳು 350ರಿಂದ 500 ಕಿಲೋ ತೂಗುತ್ತವೆ, ಹೀಗಾಗಿ ಗಟ್ಟಿಯಾದ ರ್‍ಯಾಂಪಿನ ಖರ್ಚನ್ನೂ ಬೆಲೆಯೊಳಗೇ ಸೇರಿಸಿಕೊಳ್ಳಿ. ಎರಡು ಮರದ ಹಲಗೆ ಇಟ್ಟು ಏರಿಸುವ ಸಾಹಸ ಬೇಡ.

ತೂಕದ ಮಾತು ಮಳೆಗಾಲದಲ್ಲಿ ಮತ್ತೆ ಎದುರಾಗುತ್ತದೆ. ಬೆಂಗಳೂರಿನಲ್ಲಿ ಹುಲ್ಲು ಅತಿ ಹೆಚ್ಚು ಬೆಳೆಯುವುದು ಮೇ ತಿಂಗಳ ಮಳೆಯಿಂದ ಅಕ್ಟೋಬರ್‌ವರೆಗೆ. ಯಂತ್ರ ಹೆಚ್ಚು ಓಡಬೇಕಾದ ಕಾಲ ಅದೇ, ಕೆಂಪು ಮಣ್ಣು ಮೆತ್ತಗಿರುವ ಕಾಲವೂ ಅದೇ. ಜೀರೋ ಟರ್ನ್ ಯಂತ್ರವನ್ನು ಒಂದು ಚಕ್ರ ನಿಲ್ಲಿಸಿ ಗಿರ್ರನೆ ತಿರುಗಿಸಿದರೆ ನಿಂತ ಚಕ್ರದ ಕೆಳಗಿನ ಹುಲ್ಲು ಬೇರುಸಮೇತ ಕಿತ್ತುಬರುತ್ತದೆ, ಮರುದಿನ ಸಂಘದ ಕಾರ್ಯದರ್ಶಿಯವರಿಂದ ಫೋನು ಬರುತ್ತದೆ. ಮೂರು ಹಂತದಲ್ಲಿ ಹಿಂದೆಮುಂದೆ ಹೋಗಿ ತಿರುಗಿಸುವುದನ್ನು ಚಾಲಕನಿಗೆ ಕಲಿಸಬೇಕು. ಇಳಿಜಾರಿನ ಮಿತಿಯನ್ನು ಯಂತ್ರದ ಕೈಪಿಡಿಯಲ್ಲಿ ನೋಡಿ. ಸಾಮಾನ್ಯವಾಗಿ ಅದು 15 ಡಿಗ್ರಿಯೊಳಗೇ ಇರುತ್ತದೆ, ಹುಲ್ಲು ಒದ್ದೆಯಿದ್ದರೆ ಅಷ್ಟನ್ನೂ ನಂಬಬೇಡಿ. ಕ್ಯಾಂಪಸ್ಸುಗಳಲ್ಲಿ ಅಂದಕ್ಕೆಂದು ಮಾಡಿರುವ ದಿಬ್ಬಗಳ ನೆತ್ತಿಯನ್ನು ಅಗಲವಾದ ಡೆಕ್ಕು ಬೋಳು ಹೊಡೆಯುತ್ತದೆ, ಚಿಕ್ಕದು ದಿಬ್ಬದ ಬಾಗಿಗೆ ಹೊಂದಿಕೊಂಡು ಹೋಗುತ್ತದೆ.

ಹುಲ್ಲಿನ ಜಾತಿಯನ್ನು ನೀವು ಹೇಳಿಲ್ಲ. ಇಲ್ಲಿ ಹೆಚ್ಚಾಗಿ ಹಾಕಿಸುವುದು ಮೆಕ್ಸಿಕನ್ ಹುಲ್ಲು. ಅದು ಒತ್ತಾಗಿ, ತಂತಿಯಂತೆ ಬೆಳೆಯುವುದರಿಂದ ಬ್ಲೇಡು ಸ್ವಲ್ಪ ಮೊಂಡಾದರೂ ತುದಿಗಳು ಸಿಗಿದು ಎರಡು ದಿನದಲ್ಲಿ ಇಡೀ ಲಾನು ಬೆಳ್ಳಗೆ ಕಾಣುತ್ತದೆ. ಒಂದು ಜೊತೆ ಬ್ಲೇಡು ಯಂತ್ರದಲ್ಲಿದ್ದರೆ ಇನ್ನೊಂದು ಜೊತೆ ಸಾಣೆ ಹಿಡಿಸಿಟ್ಟು ಸಿದ್ಧವಿರಬೇಕು. ಕತ್ತರಿಯಂತೆ ಕೆಲಸ ಮಾಡುವ ರೀಲ್ ಯಂತ್ರದ ಕೊಯ್ಲು, ಬ್ಲೇಡು ಫ್ಯಾನಿನಂತೆ ತಿರುಗುವ ರೋಟರಿಗಿಂತ ಅಚ್ಚುಕಟ್ಟು ಎಂಬುದು ನಿಜ. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಪೇಟೆಂಟ್ ಪಡೆದ ಮೊದಲ ಲಾನ್ ಮೂವರ್ ಕೂಡ ರೀಲ್ ಬಗೆಯದೇ, ಬಟ್ಟೆ ಗಿರಣಿಯಲ್ಲಿ ನೇಯ್ದ ಉಣ್ಣೆಬಟ್ಟೆಯ ಜುಂಗನ್ನು ಸವರುವ ಯಂತ್ರವನ್ನು ನೋಡಿ ಅವನಿಗೆ ಹೊಳೆದದ್ದು. ಆದರೆ ಒಂದು ಕಲ್ಲು ಸಿಕ್ಕರೆ ರೀಲಿನ ಅಲಗು ಹಾಳಾಗುತ್ತದೆ, ಅದನ್ನು ಸರಿಯಾಗಿ ಹೊಂದಿಸಬಲ್ಲವರು ಕಡಿಮೆ. ಗಾಲ್ಫ್ ಮೈದಾನದ ಕೆಲಸವಿಲ್ಲದಿದ್ದರೆ ರೋಟರಿಯೇ ಇರಲಿ.

ರೋಟರಿಯ ಅಪಾಯವನ್ನೂ ತಿಳಿದಿರಬೇಕು. 21 ಇಂಚಿನ ಬ್ಲೇಡು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಅದರ ತುದಿಯ ವೇಗ ಗಂಟೆಗೆ ಸುಮಾರು 300 ಕಿ.ಮೀ. ಆಗುತ್ತದೆ, ಅದರ ಕೆಳಗೆ ಸಿಕ್ಕ ಜಲ್ಲಿಕಲ್ಲು ಪಾರ್ಕಿಂಗಿನಲ್ಲಿರುವ ಕಾರಿನ ಗಾಜಿನತ್ತ ಯಾವ ರಭಸದಿಂದ ಹಾರುತ್ತದೆ ಎಂಬುದನ್ನು ಊಹಿಸಿಕೊಳ್ಳಿ. ಅಪಾರ್ಟ್‌ಮೆಂಟುಗಳಲ್ಲಿ ಪಕ್ಕಕ್ಕೆ ಚೆಲ್ಲುವ ಯಂತ್ರವನ್ನು ನಾನು ಬಳಸುವುದೇ ಇಲ್ಲ. ಹಿಂದೆ ಗ್ರಾಸ್ ಕ್ಯಾಚರ್ (ಕತ್ತರಿಸಿದ ಹುಲ್ಲು ತುಂಬಿಕೊಳ್ಳುವ ಚೀಲ) ಇರುವ 21 ಇಂಚಿನದೇ ಅಲ್ಲಿಗೆ ಸರಿ. ಅಲ್ಲಿ ಶಬ್ದದ ತಕರಾರೂ ಉಂಟು. ವಸತಿ ಪ್ರದೇಶಕ್ಕೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಹಗಲಿನಲ್ಲಿ ವಿಧಿಸಿರುವ ಮಿತಿ 55 ಡೆಸಿಬೆಲ್, ಪೆಟ್ರೋಲ್ ಯಂತ್ರದ ಸದ್ದು ಹತ್ತಿರದಲ್ಲಿ ಅದನ್ನು ಸಲೀಸಾಗಿ ಮೀರುತ್ತದೆ. ಚಿಕ್ಕ ತೋಟಗಳಿಗೆ ಬ್ಯಾಟರಿ ಯಂತ್ರವನ್ನು ಯೋಚಿಸಬಹುದು, ಆದರೆ ಒದ್ದೆ ಮೆಕ್ಸಿಕನ್ ಹುಲ್ಲಿನಲ್ಲಿ ಚಾರ್ಜು ಬೇಗ ಇಳಿಯುವುದರಿಂದ ಹೆಚ್ಚುವರಿ ಬ್ಯಾಟರಿಯ ಬೆಲೆಯನ್ನು ಮೊದಲೇ ಕೂಡಿಸಿಕೊಳ್ಳಿ.

ಎಂಜಿನ್ನಿನ ಶಕ್ತಿಯ ವಿಷಯದಲ್ಲಿ ಮಾರಾಟಗಾರರು ಹೇಳದ ಸಂಗತಿ ಒಂದಿದೆ. ಕಾರ್ಬುರೇಟರ್ ಇರುವ ಎಂಜಿನ್ನು ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಶೇ 3.5ರಷ್ಟು ಶಕ್ತಿಯನ್ನು ಕಳೆದುಕೊಳ್ಳುತ್ತದೆ, ಬೆಂಗಳೂರು ಇರುವುದು 900 ಮೀಟರಿನ ಮೇಲೆ; ಅಂದರೆ ಕರಪತ್ರದಲ್ಲಿರುವ ಅಶ್ವಶಕ್ತಿಯಲ್ಲಿ ಹತ್ತನೇ ಒಂದು ಭಾಗ ಇಲ್ಲಿ ಸಿಗುವುದಿಲ್ಲ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇದೆ, ಅದು ತೇವವನ್ನು ಹೀರುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಯಂತ್ರ ಕಡಿಮೆ ಓಡುವಾಗ ಟ್ಯಾಂಕನ್ನೂ ಕಾರ್ಬುರೇಟರನ್ನೂ ಬರಿದು ಮಾಡದಿದ್ದರೆ ಮೊದಲ ಮಳೆಯ ವೇಳೆಗೆ ಸ್ಟಾರ್ಟ್ ಆಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಬಿಡಿಭಾಗ. ನನ್ನ 60 ಇಂಚಿನ ಯಂತ್ರದ ಸ್ಪಿಂಡಲ್ (ಬ್ಲೇಡನ್ನು ತಿರುಗಿಸುವ ಅಚ್ಚು) ಬೇರಿಂಗ್ ಆಗಸ್ಟಿನಲ್ಲಿ ಹೋಯಿತು. ಬೇರಿಂಗೇನೋ ಜೆ.ಸಿ. ರಸ್ತೆಯಲ್ಲಿ ಅರ್ಧ ದಿನದಲ್ಲಿ ಸಿಕ್ಕಿತು, ಆದರೆ ಅದು ಕೂರುವ ಅಲ್ಯೂಮಿನಿಯಂ ಹೌಸಿಂಗ್ ಬಿರುಕು ಬಿಟ್ಟಿತ್ತು, ಅದು ಹೊರದೇಶದಿಂದ ಬರಲು ಏಳು ವಾರ ಹಿಡಿಯಿತು. ಆ ಏಳು ವಾರ ಬ್ರಷ್ ಕಟರ್ ಹಿಡಿದು ಕೂಲಿಯವರೊಂದಿಗೆ ನಾನೂ ನಿಂತಿದ್ದೆ. ಹೋಂಡಾದ ಚಿಕ್ಕ ಎಂಜಿನ್ನುಗಳು ಪಂಪು, ಜನರೇಟರುಗಳಲ್ಲೂ ಇರುವುದರಿಂದ ಅವನ್ನು ಬಿಚ್ಚಿ ಗೊತ್ತಿರುವ ಮೆಕ್ಯಾನಿಕ್ಕುಗಳು ಎಲ್ಲೆಡೆ ಸಿಗುತ್ತಾರೆ, 21 ಇಂಚಿನದಕ್ಕೆ ನಾನು 163 ಸಿ.ಸಿ.ಯ ಜಿ.ಎಕ್ಸ್.ವಿ. 160 ಎಂಜಿನ್ ಇರುವುದನ್ನೇ ಆರಿಸುವುದು ಇದೇ ಕಾರಣಕ್ಕೆ. ರೈಡ್-ಆನ್ ಕೊಳ್ಳುವಾಗ ಸ್ಪಿಂಡಲ್, ಬೆಲ್ಟು ಮತ್ತು ಬ್ಲೇಡನ್ನು ಅಂಗಡಿಯವರ ಕಪಾಟಿನಿಂದ ತೆಗೆಸಿ ಕಣ್ಣಾರೆ ನೋಡಿ. ‘ತರಿಸಿಕೊಡುತ್ತೇವೆ’ ಎಂದರೆ ಅಲ್ಲಿಂದ ಎದ್ದು ಬನ್ನಿ.

ನಿಮ್ಮ ಸ್ಥಾನದಲ್ಲಿ ನಾನಿದ್ದರೆ ಅಪಾರ್ಟ್‌ಮೆಂಟುಗಳ 3 ಎಕರೆಗೆ 21 ಇಂಚಿನ ಎರಡು ಯಂತ್ರ, ಕ್ಯಾಂಪಸ್ಸಿಗೆ 42 ಅಥವಾ 48 ಇಂಚಿನ ಒಂದು ರೈಡ್-ಆನ್ ತೆಗೆದುಕೊಳ್ಳುತ್ತಿದ್ದೆ. ದೊಡ್ಡದು ಕೆಟ್ಟ ದಿನ ಚಿಕ್ಕವೆರಡೂ ಅಲ್ಲಿಗೆ ಹೋಗುತ್ತವೆ. ರೈಡ್-ಆನ್ ಬೆಲೆ 6 ಲಕ್ಷ ಎಂದಿಟ್ಟುಕೊಂಡರೂ 1500 ಗಂಟೆ ಓಡಿಸಿದರೆ ಗಂಟೆಗೆ 400 ರೂಪಾಯಿ ಬೀಳುತ್ತದೆ. ವಾರಕ್ಕೊಮ್ಮೆ ಎರಡೂ ಕಾಲು ಗಂಟೆಯಂತೆ ಒಂದೇ ಕ್ಯಾಂಪಸ್ಸಿನಲ್ಲಿ ಓಡಿದರೆ ವರ್ಷಕ್ಕೆ 120 ಗಂಟೆಯೂ ಆಗುವುದಿಲ್ಲ ಎಂಬುದನ್ನು ಅದರ ಪಕ್ಕದಲ್ಲೇ ಬರೆದುಕೊಳ್ಳಿ. ಹಾಗಾಗಿ ಕ್ಯಾಂಪಸ್ಸಿನ ಗುತ್ತಿಗೆ ಒಂದೇ ವರ್ಷದ್ದಾಗಿದ್ದು, ಅಂಥ ಇನ್ನೊಂದೆರಡು ಜಾಗಗಳು ಕೈಯಲ್ಲಿಲ್ಲದಿದ್ದರೆ, ಸದ್ಯಕ್ಕೆ ರೈಡ್-ಆನ್ ಬಿಟ್ಟು 21 ಇಂಚಿನದೇ ಮೂರನೆಯದೊಂದನ್ನು ಕೊಂಡುಕೊಳ್ಳಿ.