ಸ್ವಲ್ಪವೇ ಅರ್ಥವಾಗಿರುವವರು ವಾಕ್ಯದ ಬೆಳಕನ್ನು ಹಂಚಿಕೊಳ್ಳಬಹುದೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡ ಬಗೆ ಹೀಗಿದೆ: ಬೈಬಲ್ ಓದುವಾಗ ಒಮ್ಮೊಮ್ಮೆ ಒಂದು ವಚನ ನಿಮ್ಮ ಮನಸ್ಸಿಗೆ ಬೆಳಕು ಕೊಡುತ್ತದೆ, ಆದರೆ ಅದನ್ನು ಬೇರೆಯವರಿಗೆ ಹೇಳುವಷ್ಟು ತಿಳಿವಳಿಕೆ ತನಗಿಲ್ಲವೆಂದು ಹಿಂಜರಿಯುತ್ತೀರಿ, ‘ಇಲ್ಲದವನಿಂದ ಇದ್ದದ್ದೂ ತೆಗೆಯಲ್ಪಡುವುದು’ ಎಂಬ ಯೇಸುವಿನ ಮಾತನ್ನು ಪ್ರಸಂಗವೊಂದರಲ್ಲಿ ಕೇಳಿದಂದಿನಿಂದ, ಹಂಚಿಕೊಳ್ಳದೆ ಸುಮ್ಮನಿದ್ದರೆ ಸಿಕ್ಕ ಬೆಳಕೂ ಕೈತಪ್ಪೀತೆಂಬ ಭಯ ನಿಮ್ಮನ್ನು ಕಾಡುತ್ತಿದೆ. ತಂದೆಯನ್ನು ಕಳೆದುಕೊಂಡ ಗೆಳತಿಯೊಬ್ಬಳಿಗೆ ಈಗ ಏನು ಹೇಳಬೇಕೆಂದೂ ಕೇಳಿದ್ದೀರಿ. ಹಲವು ವರ್ಷಗಳಿಂದ ಒಂದು ಚಿಕ್ಕ ವಾಕ್ಯಾಧ್ಯಯನದ ಗುಂಪನ್ನು ನಡೆಸುತ್ತ ಬಂದಿರುವ ನಾನು ಇದೇ ಭಯವನ್ನು ಅನೇಕರಲ್ಲಿ ಕಂಡಿದ್ದೇನೆ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

ನಿಮ್ಮನ್ನು ಹೆದರಿಸಿದ ಮಾತು ಮಾರ್ಕನ ಸುವಾರ್ತೆಯ 4ನೆಯ ಅಧ್ಯಾಯದ 25ನೆಯ ವಚನದಲ್ಲಿದೆ. ಅದನ್ನು ಬಿಡಿಯಾಗಿ ಓದದೆ 21ನೆಯ ವಚನದಿಂದ ಓದಿಕೊಂಡು ಬನ್ನಿ. ದೀಪವನ್ನು ಕೊಳಗದ ಕೆಳಗಾಗಲಿ ಮಂಚದ ಕೆಳಗಾಗಲಿ ಇಡುವುದಕ್ಕೆ ತರುತ್ತಾರೆಯೇ, ದೀಪಸ್ತಂಭದ ಮೇಲೆ ಇಡುವುದಕ್ಕಲ್ಲವೇ ಎಂದು ಯೇಸು ಅಲ್ಲಿ ಕೇಳುತ್ತಾನೆ. ಇಷ್ಟು ಹೇಳಿದ ಮೇಲೆ ‘ಆದ್ದರಿಂದ ಹೋಗಿ ಎಲ್ಲರಿಗೂ ಹೇಳಿರಿ’ ಎಂಬ ಆಜ್ಞೆ ಬರುತ್ತದೆಂದು ನಾವು ನಿರೀಕ್ಷಿಸುತ್ತೇವೆ. ಬರುವುದು ಬೇರೆಯೇ ಮಾತು: ಕೇಳುವುದಕ್ಕೆ ಕಿವಿಯುಳ್ಳವನು ಕೇಳಲಿ. ಅದರ ಮುಂದಿನದು, ನೀವು ಏನನ್ನು ಕೇಳುತ್ತೀರೋ ಅದಕ್ಕೆ ಲಕ್ಷ್ಯ ಕೊಡಿರಿ, ನೀವು ಅಳೆಯುವ ಅಳತೆಯಿಂದಲೇ ನಿಮಗೂ ಅಳೆದುಕೊಡಲಾಗುವುದು ಎಂಬ ಎಚ್ಚರಿಕೆ. ಇದ್ದವನಿಗೆ ಕೊಡಲ್ಪಡುವುದು, ಇಲ್ಲದವನಿಂದ ಇದ್ದದ್ದೂ ತೆಗೆಯಲ್ಪಡುವುದು ಎಂಬ ಮಾತು ಇದಾದ ಮೇಲೆ ಬರುತ್ತದೆ. ಲೂಕನ ಸುವಾರ್ತೆಯ 8ನೆಯ ಅಧ್ಯಾಯದಲ್ಲಿಯೂ ದೀಪದ ಮಾತಿನ ಬೆನ್ನಿಗೇ, ನೀವು ಹೇಗೆ ಕೇಳುತ್ತೀರಿ ಎಂಬುದರ ಬಗ್ಗೆ ಎಚ್ಚರವಾಗಿರಿ ಎಂಬ ಮಾತಿದೆ. ಅಂದರೆ ಎರಡೂ ಸುವಾರ್ತೆಗಳಲ್ಲಿ ಈ ಎಚ್ಚರಿಕೆ ಮೊದಲು ಕಿವಿಗೆ ಸೇರಿದ್ದು. ಎಷ್ಟು ಜನರಿಗೆ ಹೇಳಿದಿರಿ ಎಂಬ ಲೆಕ್ಕವನ್ನು ಯೇಸು ಇಲ್ಲಿ ಕೇಳುತ್ತಿಲ್ಲ. ಎಷ್ಟು ದೊಡ್ಡ ಅಳತೆಯಿಂದ ಕೇಳಿಸಿಕೊಂಡಿರಿ ಎಂದು ಕೇಳುತ್ತಿದ್ದಾನೆ.

‘ತೆಗೆಯಲ್ಪಡುವುದು’ ಎಂದರೇನೆಂದು ತಿಳಿಯಲು ಅದೇ ಅಧ್ಯಾಯದ ಆರಂಭದಲ್ಲಿರುವ ಬಿತ್ತುವವನ ಸಾಮ್ಯವನ್ನು, ಅಂದರೆ ದೃಷ್ಟಾಂತ ಕಥೆಯನ್ನು, ನೋಡಿದರೆ ಸಾಕು. ದಾರಿಯ ಮಗ್ಗುಲಲ್ಲಿ ಬಿದ್ದ ಬೀಜವನ್ನು ಹಕ್ಕಿಗಳು ಬಂದು ತಿಂದುಬಿಟ್ಟವು. ವಾಕ್ಯ ಕಿವಿಗೆ ಬಿದ್ದರೂ ಒಳಗೆ ಇಳಿಯದೆ ಹೋದವರ ಪಾಡು ಅದು ಎಂದು ಯೇಸುವೇ ಬಿಡಿಸಿ ಹೇಳುತ್ತಾನೆ. ಕಳೆದುಹೋಗುವುದು ಹೀಗೆ ಮೇಲ್ಮೈಯಲ್ಲೇ ಉಳಿದದ್ದು. ನೀವಾದರೋ ಒಂದು ವಚನವನ್ನು ದಿನಗಟ್ಟಲೆ ಮನಸ್ಸಿನಲ್ಲಿ ಹೊತ್ತುಕೊಂಡು, ಇದನ್ನು ಏನು ಮಾಡಲಿ ಎಂದು ಅಪರಿಚಿತರನ್ನೂ ಕೇಳುತ್ತಿದ್ದೀರಿ. ಆ ದಾರಿಯ ಮಗ್ಗುಲಿನ ನೆಲ ನಿಮ್ಮದೆಂದು ನನಗೆ ಅನ್ನಿಸುವುದಿಲ್ಲ.

ಈ ಅಧ್ಯಾಯದಲ್ಲಿ ಯಾರು ಚೆನ್ನಾಗಿ ಕೇಳಿಸಿಕೊಂಡವರು ಎಂಬುದನ್ನೂ ಗಮನಿಸಿ. ಸಮುದ್ರತೀರದಲ್ಲಿ ದೊಡ್ಡ ಗುಂಪು ಸೇರಿತ್ತು. ಎಲ್ಲರೂ ಅದೇ ಸಾಮ್ಯವನ್ನೇ ಕೇಳಿದರು. ಆಮೇಲೆ ಆತನು ಒಂಟಿಯಾಗಿದ್ದಾಗ, ಹನ್ನೆರಡು ಮಂದಿ ಶಿಷ್ಯರು ಮತ್ತು ಅವರ ಜೊತೆಯಲ್ಲಿದ್ದ ಕೆಲವರು ಬಂದು ಅದರ ಅರ್ಥವನ್ನು ವಿಚಾರಿಸಿದರು. ಅವರಿಗೂ ಮೊದಲ ಸಲಕ್ಕೆ ಅರ್ಥವಾಗಿರಲಿಲ್ಲ. ಈ ಸಾಮ್ಯವನ್ನು ತಿಳಿಯಲಿಲ್ಲವೋ ಎಂದು ಯೇಸು ಅವರನ್ನು ಕೇಳುತ್ತಾನೆ ಕೂಡ. ಆದರೂ ದೇವರ ರಾಜ್ಯದ ಗುಟ್ಟು ಕೊಡಲ್ಪಟ್ಟಿದೆ ಎಂದು ಹೇಳಿದ್ದು ಅವರಿಗೇ. ತಿಳಿಯದಿದ್ದಾಗ ಹೊರಟುಹೋಗದೆ, ಉಳಿದು ಕೇಳಿದರು ಎಂಬುದಷ್ಟೇ ಅವರಿಗೂ ಗುಂಪಿಗೂ ನನಗೆ ಕಾಣುವ ವ್ಯತ್ಯಾಸ.

ಇಂಥ ಕೇಳುವಿಕೆ ಹೇಗಿರುತ್ತದೆ ಎನ್ನುವುದಕ್ಕೆ ನನ್ನ ಗುಂಪಿನ ಹಿರಿಯ ತಾಯಿಯೊಬ್ಬರ ಉದಾಹರಣೆ ಕೊಡುತ್ತೇನೆ. ಅವರಿಗೆ ಓದಲು ಬಾರದು. ಯಾರಾದರೂ ವಾಕ್ಯವನ್ನು ಓದುವಾಗ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಓದುವವರ ಹಿಂದೆಯೇ ತುಟಿಯಲ್ಲಿ ಆ ಮಾತುಗಳನ್ನು ಹೇಳಿಕೊಳ್ಳುತ್ತಾರೆ. ಓದು ಮುಗಿದೊಡನೆ ‘ಇನ್ನೊಂದು ಸಲ ಓದಿ’ ಎನ್ನುತ್ತಾರೆ. ಒಂದು ಸಂಜೆ ಲೂಕನ 13ನೆಯ ಅಧ್ಯಾಯವನ್ನು ಓದುತ್ತಿದ್ದೆವು. ಹದಿನೆಂಟು ವರ್ಷ ಬೆನ್ನು ಬಾಗಿ, ನೆಟ್ಟಗೆ ನಿಲ್ಲಲಾರದೆ ಇದ್ದ ಹೆಂಗಸನ್ನು ಯೇಸು ಯೆಹೂದ್ಯರ ವಿಶ್ರಾಂತಿಯ ದಿನವಾದ ಸಬ್ಬತ್ ದಿನದಲ್ಲಿ ಗುಣಪಡಿಸಿದ ಪ್ರಸಂಗ ಅದು. ನಾವೆಲ್ಲ ಸಬ್ಬತ್ತಿನ ನಿಯಮದ ಬಗ್ಗೆ, ಸಭಾಮಂದಿರದ ಅಧಿಕಾರಿಯ ಕೋಪದ ಬಗ್ಗೆ ಮಾತಾಡಿದೆವು. ಎರಡನೆಯ ಸಲ ಓದಿಸಿಕೊಂಡ ಮೇಲೆ ಆ ತಾಯಿ, ‘ಈಯಮ್ಮ ಏನೂ ಬೇಡಿಕೊಳ್ಳಲೇ ಇಲ್ಲವಲ್ಲ. ತಲೆ ಎತ್ತಿ ಆತನನ್ನು ನೋಡಲೂ ಆಗಿರಲಾರದು. ಆತನೇ ನೋಡಿ ಕರೆದನಲ್ಲ’ ಎಂದರು. ಇಷ್ಟೇ. ನಾನು ಸಿದ್ಧಪಡಿಸಿಕೊಂಡು ಹೋಗಿದ್ದ ವಿವರಣೆಯಲ್ಲಿ ಇದಕ್ಕೆ ಸರಿಸಾಟಿಯಾದದ್ದು ಯಾವುದೂ ಇರಲಿಲ್ಲ. ಬೇಡಿಕೊಳ್ಳುವ ಶಕ್ತಿಯೂ ಇಲ್ಲದ ದಿನಗಳಲ್ಲಿ ಇದ್ದೇನೆಂದು ಯಾರಿಗೂ ಹೇಳದೆ ಬಂದಿದ್ದ ಯುವಕನೊಬ್ಬ, ಆ ಮಾತು ತನಗಾಗಿಯೇ ಬಂದಿತೆಂದು ಆಮೇಲೆ ತಿಳಿಸಿದ. ಆ ತಾಯಿ ಬೋಧಿಸಲು ಹೊರಟಿರಲಿಲ್ಲ. ತುಂಬ ಹೊತ್ತು ಕಿವಿಗೊಟ್ಟು, ಕೇಳಿದ್ದನ್ನು ಕೇಳಿದಷ್ಟೇ ಹೇಳಿದರು.

ನೀವು ಮಾಡಬೇಕಾದ ಹಂಚಿಕೊಳ್ಳುವಿಕೆಯೂ ಇಷ್ಟೇ ಎಂಬುದು ನನ್ನ ಅಭಿಪ್ರಾಯ. ಹಂಚುವ ಮೊದಲು ಎಲ್ಲವನ್ನೂ ತಿಳಿದಿರಬೇಕೆಂಬ ಷರತ್ತು ಬೈಬಲಿನಲ್ಲಿ ಎಲ್ಲಿಯೂ ಇಲ್ಲ. ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯದ ಸಮಾರ್ಯದ ಹೆಂಗಸು ಬಾವಿಯ ಬಳಿ ಯೇಸುವಿನೊಂದಿಗೆ ಮಾತಾಡಿದ ಮೇಲೆ ತನ್ನ ಕೊಡವನ್ನು ಅಲ್ಲೇ ಬಿಟ್ಟು ಊರೊಳಗೆ ಹೋಗಿ, ನಾನು ಮಾಡಿದ್ದನ್ನೆಲ್ಲ ನನಗೆ ಹೇಳಿದವನನ್ನು ಬಂದು ನೋಡಿರಿ, ಆತನು ಕ್ರಿಸ್ತನಾಗಿರಬಹುದೋ ಏನೋ ಎಂದಳು. ಅವಳ ಸಾಕ್ಷಿಯಲ್ಲಿ ಒಂದು ಸಂಗತಿ ಮತ್ತು ಒಂದು ಪ್ರಶ್ನೆ ಮಾತ್ರ ಇವೆ. ಯೇಸು ಆ ಊರಿನಲ್ಲಿ ಎರಡು ದಿನ ಉಳಿದ ಬಳಿಕ ಅಲ್ಲಿನವರು, ಇನ್ನು ಮೇಲೆ ನಿನ್ನ ಮಾತಿನ ಮೇಲೆಯೇ ನಾವು ನಂಬುವುದಲ್ಲ, ನಾವೇ ಕಿವಿಯಾರೆ ಕೇಳಿದ್ದೇವೆ ಎಂದು ಅವಳಿಗೆ ಹೇಳುತ್ತಾರೆ. ಅವಳ ಕೆಲಸ ಪೂರ್ತಿಯಾಯಿತು ಎನ್ನುವುದಕ್ಕೆ ಇದಕ್ಕಿಂತ ಬೇರೆ ಗುರುತು ಬೇಕಿಲ್ಲ. ಹಂಚಿಕೊಳ್ಳುವವರು ಕೇಳುಗರನ್ನು ತಮ್ಮ ಬಳಿಯೇ ಉಳಿಸಿಕೊಳ್ಳಬೇಕಾಗಿಲ್ಲ.

ಅರೆಬರೆ ತಿಳಿದವನು ಮಾತಾಡಿ ತಪ್ಪು ಹೇಳಿದರೆ ಏನು ಗತಿ ಎಂಬ ನಿಮ್ಮ ಅಳುಕು ನ್ಯಾಯವಾದದ್ದೇ. ಅಪೊಸ್ತಲರ ಕೃತ್ಯಗಳ 18ನೆಯ ಅಧ್ಯಾಯದಲ್ಲಿ ಬರುವ ಅಪೊಲ್ಲೋಸನು ಅಲೆಕ್ಸಾಂದ್ರಿಯದವನು, ಮಾತಿನಲ್ಲಿ ಚತುರ, ಧರ್ಮಶಾಸ್ತ್ರದಲ್ಲಿ ಪ್ರವೀಣ. ಆದರೆ ಅವನಿಗೆ ಗೊತ್ತಿದ್ದದ್ದು ಸ್ನಾನಿಕನಾದ ಯೋಹಾನನ ದೀಕ್ಷಾಸ್ನಾನ ಒಂದೇ. ಎಫೆಸದ ಸಭಾಮಂದಿರದಲ್ಲಿ ಅವನು ಧೈರ್ಯದಿಂದ ಮಾತಾಡುತ್ತಿರುವುದನ್ನು ಪ್ರಿಸ್ಕಿಲ್ಲ ಮತ್ತು ಅಕ್ವಿಲ ಎಂಬ ದಂಪತಿಗಳು ಕೇಳಿದರು. ಗುಡಾರ ಮಾಡುವುದು ಅವರ ಕಸುಬು. ಅವರು ಅವನನ್ನು ಎಲ್ಲರೆದುರು ತಡೆಯಲಿಲ್ಲ, ‘ನಿನಗೆ ಪೂರ್ತಿ ತಿಳಿದಿಲ್ಲ, ಸುಮ್ಮನಿರು’ ಎನ್ನಲೂ ಇಲ್ಲ. ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಸ್ಪಷ್ಟವಾಗಿ ವಿವರಿಸಿದರು. ಅಷ್ಟು ದೊಡ್ಡ ವಾಗ್ಮಿಯಾದ ಅಪೊಲ್ಲೋಸನು ಕಸುಬುದಾರರ ಮಾತಿಗೆ ಕಿವಿಗೊಟ್ಟದ್ದು ನನಗೆ ಅವನ ವಾಕ್ಚಾತುರ್ಯಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಹಂಚುವವರು ಕೇಳುವವರಾಗಿ ಉಳಿದಿದ್ದರೆ ತಪ್ಪು ತಿದ್ದಲ್ಪಡುತ್ತದೆ. ಕೇಳುವುದನ್ನು ನಿಲ್ಲಿಸಿದವರು ಎಷ್ಟೇ ಕಲಿತಿದ್ದರೂ ಅವರ ವಿಷಯದಲ್ಲಿ ಭಯಪಡಬೇಕು. ಪವಿತ್ರಾತ್ಮನನ್ನು ನಂದಿಸಬೇಡಿರಿ, ಎಲ್ಲವನ್ನೂ ಪರಿಶೋಧಿಸಿ ಒಳ್ಳೆಯದನ್ನೇ ಭದ್ರವಾಗಿ ಹಿಡಿದುಕೊಳ್ಳಿರಿ ಎಂದು ಪೌಲನು ಥೆಸಲೊನೀಕದವರಿಗೆ ಒಂದೇ ಉಸಿರಿನಲ್ಲಿ ಬರೆದದ್ದು ಸಭೆಗೆ ಎರಡೂ ಬೇಕೆಂದೇ.

ಹಾಗಾದರೆ ಹಂಚದೆ ಇಟ್ಟುಕೊಳ್ಳಬಹುದೇ ಎಂದು ನೀವು ಕೇಳಬಹುದು. ಸ್ವಲ್ಪ ಕಾಲ ಇಟ್ಟುಕೊಳ್ಳಬಹುದು, ಇಟ್ಟುಕೊಳ್ಳಲೂ ಬೇಕು. ಆದರೆ ಅಲ್ಲಿಗೇ ನಿಲ್ಲಲಾಗದು. ಕೊಟ್ಟರೂ ಕಡಿಮೆಯಾಗದ ವಸ್ತುವನ್ನು ಕೊಡದೆ ಇಟ್ಟುಕೊಂಡವನು ಅದನ್ನು ಇಟ್ಟುಕೊಳ್ಳಬೇಕಾದ ರೀತಿಯಲ್ಲಿ ಇಟ್ಟುಕೊಂಡಿಲ್ಲ ಎಂದು ಪ್ರಾಚೀನ ಸಭೆಯ ಬಿಷಪನೂ ಬೋಧಕನೂ ಆದ ಅಗಸ್ಟೀನನು ಕ್ರೈಸ್ತ ಬೋಧನೆಯ ಕುರಿತಾದ ತನ್ನ ಗ್ರಂಥದ ಮೊದಲ ಭಾಗದಲ್ಲಿ ಬರೆಯುತ್ತಾನೆ. ಅಲ್ಲಿ ಅವನು ಎತ್ತಿಕೊಳ್ಳುವುದು ನಿಮ್ಮನ್ನು ಕಾಡಿದ ‘ಇದ್ದವನಿಗೆ ಕೊಡಲ್ಪಡುವುದು’ ಎಂಬ ಮಾತನ್ನೇ. ಯೇಸು ಹಸಿದವರಿಗೆ ಹಂಚಲು ತೊಡಗುವ ಮುನ್ನ ರೊಟ್ಟಿಗಳು ಒಮ್ಮೆ ಐದು, ಇನ್ನೊಮ್ಮೆ ಏಳು ಮಾತ್ರ ಇದ್ದವು, ಹಂಚುತ್ತ ಹೋದಂತೆ ಸಾವಿರಾರು ಜನ ತೃಪ್ತರಾಗಿ ಪುಟ್ಟಿಗಳೂ ತುಂಬಿದವು ಎಂದು ನೆನಪಿಸಿ, ತಾನು ಬರೆಯತೊಡಗಿದಾಗ ಬೇಕಾದ ತಿಳಿವಳಿಕೆಯೂ ಹಾಗೆಯೇ ಒದಗಿಬರುವುದೆಂದು ಭರವಸೆಯಿಡುತ್ತಾನೆ. ಅವಸರವಿಲ್ಲ ಎಂಬುದಕ್ಕೂ ಅವನೇ ಸಾಕ್ಷಿ: ಸುಮಾರು 396ರಲ್ಲಿ ಆರಂಭಿಸಿದ ಆ ಗ್ರಂಥವನ್ನು ಮಧ್ಯದಲ್ಲಿ ನಿಲ್ಲಿಸಿ, ಸುಮಾರು ಮೂವತ್ತು ವರ್ಷಗಳ ನಂತರ ಪೂರ್ಣಗೊಳಿಸಿದ. 13ನೆಯ ಶತಮಾನದಲ್ಲಿ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಕೂಡ, ತಾನು ಮಾತ್ರ ಹೊಳೆಯುವುದಕ್ಕಿಂತ ಇತರರಿಗೆ ಬೆಳಕು ಕೊಡುವುದು ಹೇಗೆ ಮೇಲೋ, ಹಾಗೆಯೇ ಧ್ಯಾನಿಸಿ ಸುಮ್ಮನಿರುವುದಕ್ಕಿಂತ ಧ್ಯಾನಿಸಿ ಪಡೆದದ್ದನ್ನು ಇತರರಿಗೆ ನೀಡುವುದು ಮೇಲು ಎಂದ. ಅವನ ಮಾತಿನಲ್ಲಿಯೂ ಧ್ಯಾನವೇ ಮೊದಲು ಬರುತ್ತದೆ.

ಯೇಸುವಿನ ಪುನರುತ್ಥಾನವನ್ನು ನೆನೆಯುವ ಪಾಸ್ಕ ಹಬ್ಬದ ಹಿಂದಿನ ರಾತ್ರಿಯ ಜಾಗರಣೆಯಲ್ಲಿ ಕಥೋಲಿಕ ಸಭೆ ಕೇಳುವುದಕ್ಕೂ ಹಂಚುವುದಕ್ಕೂ ಇರುವ ಇದೇ ಸಂಬಂಧವನ್ನು ಆರಾಧನೆಯಾಗಿ ಆಚರಿಸುತ್ತದೆ. ಹೊಸ ಬೆಂಕಿಯಿಂದ ಹೊತ್ತಿಸಿದ ಒಂದೇ ದೊಡ್ಡ ಮೇಣದಬತ್ತಿಯನ್ನು ಕತ್ತಲೆಯ ಮಂದಿರದೊಳಗೆ ತರುತ್ತಾರೆ. ‘ಕ್ರಿಸ್ತನ ಬೆಳಕು’ ಎಂದು ಮೂರು ಸಲ ಘೋಷಿಸುತ್ತಾರೆ. ಜ್ವಾಲೆ ಕೈಯಿಂದ ಕೈಗೆ ದಾಟುತ್ತ ಎಲ್ಲರ ಬತ್ತಿಗಳೂ ಉರಿಯುತ್ತವೆ. ಅನಂತರ ಎಲ್ಲರೂ ಕುಳಿತು ದೀರ್ಘವಾದ ವಾಚನಗಳನ್ನು ಕೇಳುತ್ತಾರೆ. ಹಳೆಯ ಒಡಂಬಡಿಕೆಯಿಂದಲೇ ಏಳು ವಾಚನಗಳು ನಿಗದಿಯಾಗಿವೆ. ಮೊದಲನೆಯದು ದೇವರು ‘ಬೆಳಕಾಗಲಿ’ ಎಂದ ಸೃಷ್ಟಿಯ ವೃತ್ತಾಂತ. ಪಕ್ಕದವರಿಗೆ ಬೆಂಕಿ ದಾಟಿಸಿದವರಲ್ಲಿ ಯಾರೂ ಅದನ್ನು ತಾನೇ ಉಂಟುಮಾಡಿದೆನೆಂದು ಹೇಳಿಕೊಳ್ಳುವಂತಿಲ್ಲ. ಈ ನಿಕ್ಷೇಪ ನಮಗೆ ಮಣ್ಣಿನ ಪಾತ್ರೆಗಳಲ್ಲಿದೆ, ಬಲವು ದೇವರದೇ ಎಂದು ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಹೇಳುವುದೂ ಇದನ್ನೇ.

ಹೇಳುವ ಅಳತೆಯ ಬಗ್ಗೆ ಒಂದು ಮಾತು ಉಳಿದಿದೆ. ಅದೇ ಮಾರ್ಕನ 4ನೆಯ ಅಧ್ಯಾಯದ 33ನೆಯ ವಚನವನ್ನು ಅನೇಕರು ದಾಟಿಕೊಂಡು ಹೋಗುತ್ತಾರೆ. ಜನರಿಗೆ ಗ್ರಹಿಸಲು ಶಕ್ತಿಯಿದ್ದಷ್ಟೇ ಯೇಸು ಅವರಿಗೆ ವಾಕ್ಯವನ್ನು ಹೇಳುತ್ತಿದ್ದನು ಎಂದು ಅದು ತಿಳಿಸುತ್ತದೆ. ಜಗತ್ತಿನ ಬೆಳಕೇ ತಾನು ಎಂದವನು ಎದುರಿದ್ದವರ ಕಿವಿಯನ್ನು ನೋಡಿ ತನ್ನ ಮಾತನ್ನು ಅಳೆದನು. ನಾವು ಮಾತ್ರ ನಮ್ಮ ಉತ್ಸಾಹದ ಅಳತೆಯಲ್ಲಿ ಸುರಿಯುತ್ತ ಹೋದರೆ ಅದನ್ನು ಪ್ರೀತಿಯೆಂದು ಹೇಗೆ ಕರೆಯೋಣ?

ನಿಮ್ಮ ಗೆಳತಿಯ ವಿಷಯದಲ್ಲಿ ಇದು ತುಂಬ ಮುಖ್ಯ. ಹಳೆಯ ಒಡಂಬಡಿಕೆಯಲ್ಲಿ, ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಮೂವರು ಗೆಳೆಯರು ಏಳು ದಿನ, ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಮೌನವಾಗಿ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅದೇ. ಬಾಯಿ ತೆರೆದ ಮೇಲೆ ಅವರು ಹೇಳಿದ್ದು ಸರಿಯಲ್ಲವೆಂದು ಪುಸ್ತಕದ ಕೊನೆಯಲ್ಲಿ ದೇವರೇ ತೀರ್ಪು ಕೊಟ್ಟನು. ಯೋಹಾನನ 11ನೆಯ ಅಧ್ಯಾಯವನ್ನೂ ಒಮ್ಮೆ ನಿಧಾನವಾಗಿ ಓದಿ. ಸಹೋದರನಾದ ಲಾಜರನನ್ನು ಕಳೆದುಕೊಂಡ ಮಾರ್ಥಳೂ ಮರಿಯಳೂ ಯೇಸುವಿಗೆ ಬೇರೆ ಬೇರೆಯಾಗಿ ಒಂದೇ ಮಾತನ್ನು ಹೇಳುತ್ತಾರೆ: ಕರ್ತನೇ, ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮನು ಸಾಯುತ್ತಿರಲಿಲ್ಲ. ಮಾರ್ಥಳಿಗೆ ಆತನು ನಾನೇ ಪುನರುತ್ಥಾನವೂ ಜೀವವೂ ಆಗಿದ್ದೇನೆ ಎಂದು ಬೋಧಿಸಿದನು. ಮರಿಯಳು ಅಳುವುದನ್ನು ಕಂಡಾಗ ಬೋಧಿಸಲಿಲ್ಲ, ಅವನನ್ನು ಎಲ್ಲಿ ಇಟ್ಟಿದ್ದೀರಿ ಎಂದು ಕೇಳಿ, ತಾನೂ ಅತ್ತನು.

ನಿಮ್ಮ ಗೆಳತಿ ಈಗ ಮಾರ್ಥಳ ಸ್ಥಿತಿಯಲ್ಲಿದ್ದಾಳೋ ಮರಿಯಳ ಸ್ಥಿತಿಯಲ್ಲಿದ್ದಾಳೋ ಎಂಬುದು ಅವಳ ಮಾತನ್ನು ಕೇಳಿಸಿಕೊಂಡ ನಿಮಗೆ ಮಾತ್ರ ಗೊತ್ತಾಗುವ ವಿಷಯ. ಅವಳ ಮನೆಗೆ ಹೋಗಿ, ಅವಳ ತಂದೆಯ ಬಗ್ಗೆ ಕೇಳಿ, ಅವಳು ಹೇಳಿದಷ್ಟನ್ನೂ ಕೇಳಿಸಿಕೊಳ್ಳಿ. ದೇವರ ಬಗ್ಗೆ ಅವಳೇ ಪ್ರಶ್ನೆ ಎತ್ತಿದರೆ, ನಿಮಗೆ ಬೆಳಕು ಕೊಟ್ಟ ಆ ವಚನವನ್ನೂ ಅದು ನಿಮಗೆ ಹೇಗೆ ಆಸರೆಯಾಯಿತೆಂಬುದನ್ನೂ ನಾಲ್ಕು ಮಾತಿನಲ್ಲಿ ಹೇಳಿ. ಸಾತ್ವಿಕತ್ವದಿಂದಲೂ ಗೌರವದಿಂದಲೂ ಉತ್ತರ ಕೊಡಿರಿ ಎಂದು ಪೇತ್ರನ ಮೊದಲ ಪತ್ರಿಕೆ ಕಲಿಸುತ್ತದೆ. ನಿಮಗೆ ಉತ್ತರ ತಿಳಿಯದ ಪ್ರಶ್ನೆಯನ್ನು ಅವಳು ಕೇಳಿದರೆ ತಿಳಿಯದೆಂದೇ ಹೇಳಿ, ಸಭಾಪಾಲಕರನ್ನೋ ವಾಕ್ಯದಲ್ಲಿ ಪಳಗಿದ ಹಿರಿಯರನ್ನೋ ಕೇಳಲು ಇಬ್ಬರೂ ಜೊತೆಯಾಗಿ ಹೋಗಬಹುದು.