ನಾಯಿಯ ಬಟ್ಟಲಿಗೆ ಎಷ್ಟು ಗ್ರಾಂ?

ಪ್ರಶ್ನೆ: ನಮ್ಮ ನಾಯಿಗೆ ನಾಲ್ಕು ವರ್ಷ. ಸಂತಾನಹರಣ ಚಿಕಿತ್ಸೆ ಆಗಿದೆ. ಈಗ 14 ಕೆ.ಜಿ. ಇದೆ, 12ಕ್ಕೆ ಇಳಿಸಿ ಎಂದು ಪಶುವೈದ್ಯರು ಹೇಳಿದ್ದಾರೆ. ಪ್ಯಾಕೆಟ್ ಮೇಲಿನ ಪಟ್ಟಿ ನೋಡಿಯೇ ದಿನಕ್ಕೆ ಎರಡು ಕಪ್ ಒಣ ಆಹಾರ ಹಾಕುತ್ತೇವೆ. ಆದರೂ ದಪ್ಪವಾಗುತ್ತಲೇ ಇದೆ. ಸರಿಯಾದ ಅಳತೆ ಎಷ್ಟು?

ಉತ್ತರ: ಮೊದಲು ಆ ಕಪ್ಪನ್ನು ಪಕ್ಕಕ್ಕಿಟ್ಟು ಅಡುಗೆಮನೆಯ ಡಿಜಿಟಲ್ ತಕ್ಕಡಿ ತೆಗೆದುಕೊಳ್ಳಿ. ಒಂದೇ ಕಪ್ಪನ್ನು ಒಬ್ಬರು ಮಟ್ಟಸವಾಗಿ ತುಂಬಿದರೆ ಇನ್ನೊಬ್ಬರು ಗೋಪುರ ಏರಿಸುತ್ತಾರೆ. ಹೀಗೆ ಬರೀ 20 ಗ್ರಾಂ ಹೆಚ್ಚಾದರೂ ನಿಮ್ಮ ನಾಯಿಗೆ ಅದು ದಿನದ ಊಟದ ಹತ್ತನೇ ಒಂದು ಪಾಲು. ಇನ್ನೊಂದು ತಪ್ಪು ಪಟ್ಟಿ ಓದುವುದರಲ್ಲಿ ಆಗುತ್ತದೆ. 14 ಕೆ.ಜಿ. ಸಾಲನ್ನು ನೋಡಿ ಹಾಕಿದರೆ ಇಳಿಯಬೇಕಾದ ಕೊಬ್ಬಿಗೂ ಊಟ ಬಡಿಸಿದಂತೆ. ನೋಡಬೇಕಾದದ್ದು 12ರ ಸಾಲು. ಅದೂ ಆರಂಭಕ್ಕೆ ಮಾತ್ರ, ಏಕೆಂದರೆ ನಿಮ್ಮ ನಾಯಿಗೆ ಚಿಕಿತ್ಸೆ ಆಗಿದೆಯೇ, ಅದು ಎಷ್ಟು ಓಡಾಡುತ್ತದೆ ಎಂಬುದು ಪಟ್ಟಿಗೆ ಗೊತ್ತಿಲ್ಲ.

ಲೆಕ್ಕ ಮೊಬೈಲ್ ಕ್ಯಾಲ್ಕುಲೇಟರಿನಲ್ಲೇ ಆಗುತ್ತದೆ. 12 × 12 × 12 = 1,728. ಇದರ ವರ್ಗಮೂಲ ತೆಗೆಯಿರಿ, ಬಂದದ್ದಕ್ಕೆ ಮತ್ತೊಮ್ಮೆ ವರ್ಗಮೂಲ: ಸುಮಾರು 6.45. ಅದನ್ನು 70ರಿಂದ ಗುಣಿಸಿದರೆ 451. ಸುಮ್ಮನೆ ಮಲಗಿದ್ದರೂ ದಿನಕ್ಕೆ ಬೇಕಾಗುವ ಕ್ಯಾಲೊರಿ ಇದು. ಸಂತಾನಹರಣವಾದ ವಯಸ್ಕ ನಾಯಿಗೆ ಇದರ 1.6 ಪಟ್ಟು, ಅಂದರೆ ಸುಮಾರು 720. ಚಿಕಿತ್ಸೆ ಆಗದ ನಾಯಿಗೆ 1.8 ಪಟ್ಟು. ಪ್ಯಾಕೆಟ್ ಮೇಲೆ ಕೆ.ಜಿ.ಗೆ 3,600 ಕ್ಯಾಲೊರಿ ಎಂದಿದ್ದರೆ ಒಂದು ಗ್ರಾಂಗೆ 3.6, ಹಾಗಾಗಿ 200 ಗ್ರಾಂ.

ಈ 200ರೊಳಗೇ ತಿಂಡಿಯೂ ಬರಬೇಕು. ಬಿಸ್ಕತ್ತು, ಅಗಿಯುವ ಕಡ್ಡಿ, ಊಟದ ಮೇಜಿನಿಂದ ಜಾರುವ ತುಣುಕು ಎಲ್ಲ ಸೇರಿ ದಿನದ ಕ್ಯಾಲೊರಿಯ ಹತ್ತನೇ ಒಂದು ಭಾಗ ಮೀರಬಾರದು. ಅಷ್ಟು ತಿಂಡಿ ಕೊಡುವುದಾದರೆ ಒಣ ಆಹಾರ 180 ಗ್ರಾಂ. ಬೆಳಿಗ್ಗೆಯೇ ಅದನ್ನು ತೂಗಿ ಒಂದು ಡಬ್ಬಿಗೆ ಹಾಕಿಡಿ, ಮನೆಯವರು ಯಾರು ಕೊಟ್ಟರೂ ಅದರಿಂದಲೇ ಕೊಡಲಿ. ತೂಕ ಇಳಿಯದ ಎಷ್ಟೋ ಮನೆಗಳಲ್ಲಿ ನಾಯಿಗೆ ಎರಡು ಕೈಗಳಿಂದ ಊಟ ಸಿಗುತ್ತಿರುತ್ತದೆ. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತೇ ಇರುವುದಿಲ್ಲ.

ಎರಡು ವಾರ ಹೀಗೆ ಕೊಟ್ಟು ತೂಕ ನೋಡಿ. ನಾಯಿಯನ್ನು ಎತ್ತಿಕೊಂಡು ಯಂತ್ರದ ಮೇಲೆ ನಿಂತು, ಬಂದ ತೂಕದಲ್ಲಿ ನಿಮ್ಮ ತೂಕ ಕಳೆದರಾಯಿತು. ಯಂತ್ರ ಮಾತ್ರ ಬದಲಾಗದಿರಲಿ, ಹೊತ್ತೂ ಅದೇ ಇರಲಿ. ವಾರಕ್ಕೆ 140ರಿಂದ 280 ಗ್ರಾಂ ಇಳಿದರೆ ಸಾಕು. ಇಳಿಯದಿದ್ದರೆ ಊಟವನ್ನು ಶೇ 10ರಷ್ಟು ಕಡಿಮೆ ಮಾಡಿ ಮತ್ತೆ ಎರಡು ವಾರ ಕಾಯಿರಿ. ಆದರೆ 450 ಕ್ಯಾಲೊರಿಗಿಂತ ಕೆಳಗೆ ನೀವೇ ಇಳಿಸಬೇಡಿ. ಸಾಮಾನ್ಯ ಆಹಾರವನ್ನು ಅಷ್ಟು ಕಡಿತಗೊಳಿಸಿದರೆ ಕ್ಯಾಲೊರಿಯ ಜೊತೆಗೆ ಪ್ರೋಟೀನು, ವಿಟಮಿನ್ನೂ ಕೊರೆಯಾಗುತ್ತವೆ. ಆ ಹಂತದಲ್ಲಿ ತೂಕ ಇಳಿಸಲೆಂದೇ ತಯಾರಿಸಿದ ಆಹಾರ ಬೇಕಾಗುತ್ತದೆ, ಥೈರಾಯ್ಡ್ ಪರೀಕ್ಷೆಯ ಬಗ್ಗೆಯೂ ವೈದ್ಯರನ್ನು ಕೇಳಿ.

ಕೊನೆಯ ತೀರ್ಪು ನಿಮ್ಮ ಬೆರಳಿನದು. ಮುಷ್ಟಿ ಹಿಡಿದು ಗೆಣ್ಣುಗಳ ಮೇಲೆ ಬೆರಳಾಡಿಸಿ. ಪಕ್ಕೆಲುಬು ಹಾಗೆ ಚುಚ್ಚಿದರೆ ನಾಯಿ ಸೊರಗಿದೆ. ಕೈ ಚಾಚಿದಾಗ ಹಿಂಗೈ ಮೂಳೆಗಳು ತೆಳು ಚರ್ಮದಡಿ ಸಿಗುವಂತೆ ಸಿಕ್ಕರೆ ಸರಿಯಾಗಿದೆ. ಅಂಗೈಯ ಮೆತ್ತನೆ ಭಾಗದಂತಿದ್ದು ಒತ್ತಿ ಹುಡುಕಬೇಕಾದರೆ ಕೊಬ್ಬು ಹೆಚ್ಚು. ಕೂದಲು ದಟ್ಟವಾಗಿರುವ ತಳಿಗಳಲ್ಲಿ ಕಣ್ಣನ್ನು ನಂಬಬೇಡಿ, ಮುಟ್ಟಿಯೇ ನೋಡಿ.

ಪ್ರಶ್ನೆ: ಪ್ಯಾಕೆಟ್ ಮೇಲೆ ಕ್ಯಾಲೊರಿ ಬರೆದೇ ಇಲ್ಲ. ಏನು ಮಾಡುವುದು?

ಉತ್ತರ: ಪ್ರೋಟೀನು, ಕೊಬ್ಬು, ನಾರು, ತೇವಾಂಶ, ಬೂದಿ (ಆಹಾರ ಸುಟ್ಟಾಗ ಉಳಿಯುವ ಖನಿಜಾಂಶ) ಇವುಗಳ ಶೇಕಡಾ ಪ್ರಮಾಣ ಕೂಡಿಸಿ 100ರಿಂದ ಕಳೆಯಿರಿ. ಉಳಿದದ್ದು ಪಿಷ್ಟ. ಬೂದಿ ನಮೂದಾಗಿರದಿದ್ದರೆ 8 ಎಂದಿಟ್ಟುಕೊಳ್ಳಿ. ಪ್ರೋಟೀನು 24, ಕೊಬ್ಬು 12, ನಾರು 4, ತೇವಾಂಶ 10 ಇದ್ದರೆ ಪಿಷ್ಟ 42. ಪ್ರೋಟೀನು, ಪಿಷ್ಟಗಳನ್ನು 3.5ರಿಂದ, ಕೊಬ್ಬನ್ನು 8.5ರಿಂದ ಗುಣಿಸಿ ಕೂಡಿದರೆ 100 ಗ್ರಾಂಗೆ 333 ಕ್ಯಾಲೊರಿ.

ಪ್ರಶ್ನೆ: ಮೂರು ತಿಂಗಳ ಲ್ಯಾಬ್ರಡಾರ್ ಮರಿ, 10 ಕೆ.ಜಿ. ಇದೆ. ಎಷ್ಟು ಹಾಕಬೇಕು? ಮೂಳೆ ಗಟ್ಟಿಯಾಗಲು ಕ್ಯಾಲ್ಸಿಯಂ ಪುಡಿ ಬೆರೆಸಬಹುದೇ?

ಉತ್ತರ: ಪುಡಿ ಬೇಡ. ಮರಿಯ ಕರುಳು ಹೆಚ್ಚುವರಿ ಕ್ಯಾಲ್ಸಿಯಂ ಅನ್ನು ತಡೆಯಲಾರದೆ ಹೀರಿಕೊಂಡುಬಿಡುತ್ತದೆ, ದೊಡ್ಡ ತಳಿಗಳಲ್ಲಿ ಮೂಳೆಯೂ ಕೀಲೂ ವಕ್ರವಾಗಿ ಬೆಳೆಯುತ್ತವೆ. ದೊಡ್ಡ ತಳಿಯ ಮರಿಗಳಿಗೆಂದೇ ಬರುವ ಸಂಪೂರ್ಣ ಆಹಾರ ಕೊಡಿ, ಅದರಲ್ಲೇ ಬೇಕಾದಷ್ಟಿರುತ್ತದೆ.

ಲೆಕ್ಕದ ಕ್ರಮ ಮೇಲಿನದೇ. 10 ಕೆ.ಜಿ.ಗೆ 394 ಬರುತ್ತದೆ. ನಾಲ್ಕು ತಿಂಗಳವರೆಗೆ ಅದರ ಮೂರು ಪಟ್ಟು, ಅಂದರೆ 1,180 ಕ್ಯಾಲೊರಿ. ಗ್ರಾಂಗೆ 3.8 ಇರುವ ಆಹಾರವಾದರೆ 310 ಗ್ರಾಂ, ದಿನಕ್ಕೆ ನಾಲ್ಕು ಸಲ. ಎಡವುವುದು ಇದಾದ ಮೇಲೆ. ನಾಲ್ಕು ತಿಂಗಳು ಕಳೆದ ಮೇಲೆ ಗುಣಕ 2ಕ್ಕೆ ಇಳಿಯುತ್ತದೆ. ಆಗ ಮರಿ 15 ಕೆ.ಜಿ. ತೂಗಿದರೂ ಬೇಕಾದದ್ದು 1,067 ಕ್ಯಾಲೊರಿ, 280 ಗ್ರಾಂ. ಮರಿ ಬೆಳೆಯುತ್ತಿದೆಯೆಂದು ವಾರವಾರವೂ ಊಟ ಏರಿಸುತ್ತ ಹೋದರೆ ಇಲ್ಲೇ ಬೊಜ್ಜು ಶುರು. ವಾರಕ್ಕೊಮ್ಮೆ ತೂಗಿ, ಪಕ್ಕೆಲುಬು ಮುಟ್ಟಿ ನೋಡಿ, ಆಮೇಲೆ ಅಳತೆ ಬದಲಿಸಿ. ಮರಿ ಚುರುಕಾಗಿದ್ದೂ ಮಲ ಸಡಿಲವಾದರೆ ಶೇ 10ರಷ್ಟು ಕಡಿಮೆ ಹಾಕಿ ನೋಡಿ. ಮಂಕಾಗಿದ್ದರೆ ಅಥವಾ ಮಲದಲ್ಲಿ ರಕ್ತ ಕಂಡರೆ ಅಂದೇ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ.